ಓಟಿಂಗ್ ಊರಿಗೆ ಉತ್ತರ ಕೊಡಿ

ಸಂಪಾದಕರೇ,

ಡಿಸೆಂಬರ್ 4 ಬಂತೆಂದರೆ ನನಗೆ ಓಟಿಂಗ್ ನೆನಪಾಗುತ್ತದೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಊರು. 2021ರ ಆ ಶನಿವಾರ ಸಂಜೆ, ತಿರು ಕಡೆಯ ಕಲ್ಲಿದ್ದಲು ಗಣಿಯಲ್ಲಿ ದುಡಿದು ಭಾನುವಾರದ ಪ್ರಾರ್ಥನೆಗೆಂದು ಪಿಕಪ್‌ನಲ್ಲಿ ಮನೆಗೆ ಹೊರಟಿದ್ದ ಎಂಟು ಜನರನ್ನು ಉಗ್ರರೆಂದು ತಿಳಿದು ಸೇನೆಯ ವಿಶೇಷ ಪಡೆ ಗುಂಡು ಹಾರಿಸಿತು. ಆರು ಜನ ಸತ್ತರು. ಹುಡುಕಿಕೊಂಡು ಬಂದ ಊರವರಿಗೆ ತಮ್ಮವರ ಹೆಣಗಳು ಸೇನೆಯ ವಾಹನದಲ್ಲಿ ಕಂಡವು. ಆ ಗಲಾಟೆಯಲ್ಲಿ ಇನ್ನೂ ಏಳು ಮಂದಿ ಊರವರು, ಒಬ್ಬ ಯೋಧ ತೀರಿಕೊಂಡರು. ಮರುದಿನ ಮೋನ್ ಪಟ್ಟಣದಲ್ಲಿ ಮತ್ತೊಬ್ಬರು. ಒಟ್ಟು 14 ನಾಗರಿಕರು.

ತೊಂಬತ್ತರ ದಶಕದಲ್ಲಿ ನಾನು ಅದೇ ಜಿಲ್ಲೆಯ ಒಂದು ಸೇನಾ ಪೋಸ್ಟಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಪ್ರತಿ ಗುರುವಾರ ಗೇಟಿನ ಹೊರಗಿನ ತಗಡಿನ ಶೆಡ್ಡಿನಲ್ಲಿ ಊರವರಿಗೆ ಔಷಧ ಕೊಡುತ್ತಿದ್ದೆವು. ಜ್ವರ, ಕಜ್ಜಿ, ಕತ್ತಿ ತಗುಲಿದ ಗಾಯ. ಮುಖದ ತುಂಬ ಹಚ್ಚೆಯಿದ್ದ, ಕೊನ್ಯಾಕ್ ಎಂಬ ನಾಗಾ ಬುಡಕಟ್ಟಿನ ಅಜ್ಜನೊಬ್ಬರು ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದರು. ಅಲ್ಲಿಯ ಮಾತಿನಲ್ಲಿ ‘ಭಾಲ್ ಆಸೆ?’ (ಚೆನ್ನಾಗಿದ್ದೀರಾ?) ಎಂದು ಕೇಳಿದರೆ ನಗುತ್ತಿದ್ದರು.

ಒಂದು ರಾತ್ರಿ ನಮ್ಮ ಗಸ್ತಿನವರು ಯಾರೋ ಕೊಟ್ಟ ತಪ್ಪು ಸುಳಿವು ನಂಬಿ ಆ ಊರಿನ ಹುಡುಗನೊಬ್ಬನನ್ನು ಹಿಡಿದು ತಂದು ಬಡಿದರು. ಬೆಳಿಗ್ಗೆ ಅವನ ಬೆನ್ನಿಗೆ ಮುಲಾಮು ಹಚ್ಚಿದವನು ನಾನೇ. ಬೆರಳು ತಾಕಿದಲ್ಲೆಲ್ಲ ಅವನ ಚರ್ಮ ನಡುಗುತ್ತಿತ್ತು. ಆ ಗುರುವಾರ ಶೆಡ್ಡಿಗೆ ಒಬ್ಬರೂ ಬರಲಿಲ್ಲ. ಮುಂದಿನ ಗುರುವಾರವೂ ಇಲ್ಲ. ಔಷಧದ ಪೆಟ್ಟಿಗೆ ತೆರೆದಿಟ್ಟು ಮಧ್ಯಾಹ್ನದ ತನಕ ಒಬ್ಬನೇ ಕೂತಿದ್ದೆ. ‘ಎರಡು ದಿನ ಆ ಸೇತುವೆ ಕಡೆ ಹೋಗಬೇಡಿ’ ಎಂದು ನಮಗೆ ಮೆಲ್ಲಗೆ ಹೇಳಿ ಹೋಗುತ್ತಿದ್ದವರೂ ಆ ಊರವರೇ ಅಲ್ಲವೇ? ಆ ಮಾತೂ ನಿಂತಿತು. ನಮ್ಮ ಹುಡುಗರು ಆಮೇಲೆ ಕಾಡಿನಲ್ಲಿ ಕುರುಡರಂತೆ ನಡೆದರು.

ಮೂರನೇ ವಾರ ಕಂಪನಿ ಕಮಾಂಡರ್ ಸಾಹೇಬರು ಆಯುಧ ಬಿಟ್ಟು ಊರಿಗೆ ನಡೆದರು. ಜೊತೆಗೆ ನಾನಿದ್ದೆ. ಹಿರಿಯರು, ಪಾದ್ರಿ, ಹುಡುಗನ ತಾಯಿ ಎಲ್ಲರೆದುರು ತಪ್ಪು ನಮ್ಮದೆಂದು ಒಪ್ಪಿಕೊಂಡರು. ಹೊಡೆದವರಿಗೆ ಏನು ಶಿಕ್ಷೆಯಾಯಿತೆಂದೂ ಬಿಡಿಸಿ ಹೇಳಿದರು. ತಾಯಿ ಮಾತಾಡಲಿಲ್ಲ. ಎದ್ದು ಹೋಗಿ ಹಾಲಿಲ್ಲದ ಕೆಂಪು ಚಹಾ ತಂದಿಟ್ಟರು. ಮುಂದಿನ ಗುರುವಾರ ಅಜ್ಜ ಬಂದರು. ಎರಡು ತಿಂಗಳು ಅವರೊಬ್ಬರೇ.

ಹುಡುಗನ ಬೆನ್ನಿಗೇ ಇಷ್ಟಾದರೆ 14 ಜೀವಕ್ಕೆ ಎಷ್ಟು? 1995ರ ಮಾರ್ಚ್ 5ರಂದು ಕೊಹಿಮಾದಲ್ಲಿ ಸೇನೆಯ ವಾಹನದ ಟೈರು ಸಿಡಿದದ್ದನ್ನೇ ಬಾಂಬೆಂದು ತಿಳಿದು ಹಾರಿಸಿದ ಗುಂಡಿಗೆ ಏಳು ಜನ ಸತ್ತಿದ್ದರು. ನಾಗಾ ಜನ ಅಂಥದ್ದನ್ನು ಮರೆತಿಲ್ಲ.

ಓಟಿಂಗ್ ವಿಷಯದಲ್ಲಿ ಸರ್ಕಾರ ಸಂಸತ್ತಿನಲ್ಲಿ ವಿಷಾದ ಹೇಳಿತು, ನಿಜ. 2022ರ ಜೂನ್‌ನಲ್ಲಿ ನಾಗಾಲ್ಯಾಂಡ್ ಪೊಲೀಸರು 30 ಸೇನಾ ಸಿಬ್ಬಂದಿ ಮೇಲೆ ಆರೋಪಪಟ್ಟಿ ಹಾಕಿದರು. ಆದರೆ 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 6ನೇ ಕಲಮಿನಂತೆ ಅವರ ಮೇಲೆ ಮೊಕದ್ದಮೆ ನಡೆಸಲು ಕೇಂದ್ರದ ಅನುಮತಿ ಬೇಕು. ಕೇಂದ್ರ ಕೊಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಮುಂದೆ ಅನುಮತಿ ಸಿಕ್ಕರೆ ವಿಚಾರಣೆ ನಡೆಸಬಹುದು ಎಂದೂ ಹೇಳಿದೆ.

ಕೋರ್ಟಿಗೆ ಎಳೆದರೆ ಯೋಧರ ಧೈರ್ಯ ಕುಗ್ಗುತ್ತದೆ ಎಂದು ನನ್ನ ಜೊತೆಗಾರರೇ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಗುಂಡು ಹಾರಿಸಿದ ಹುಡುಗನಿಗೆ ಆ ಪಿಕಪ್‌ನಲ್ಲಿ ಉಗ್ರರಿದ್ದಾರೆ ಎಂದು ಹೇಳಿದವರು ಯಾರು? ಪರೀಕ್ಷಿಸದೆ ಆದೇಶ ಕೊಟ್ಟವರು ಯಾರು? ವಿಚಾರಣೆ ಆಗದಿದ್ದರೆ ಅವರೂ ಬಚಾವು. ಎದುರಿರುವವರು ನಮ್ಮದೇ ದೇಶದ ಜನ ಎಂಬುದನ್ನು ಮರೆಯಬೇಡಿ ಎಂಬ ಸೇನಾ ಮುಖ್ಯಸ್ಥರ ಆದೇಶವನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಅಂಥ ಸೂಚನೆಗಳನ್ನು ಪಾಲಿಸಲೇಬೇಕೆಂದು 1997ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕೇಂದ್ರ ಸರ್ಕಾರ ಅನುಮತಿ ಕೊಡಲಿ. ಕೊಡುವುದಿಲ್ಲವೆಂದಾದರೆ, ಸೇನೆಯ ಒಳತನಿಖೆಯಲ್ಲಿ ಏನು ಕಂಡಿತು, ಯಾರಿಗೆ ಏನು ಶಿಕ್ಷೆಯಾಯಿತು ಎಂಬುದನ್ನು ಜವಾಬ್ದಾರಿಯುಳ್ಳ ಯಾರಾದರೂ ಓಟಿಂಗ್‌ಗೆ ಹೋಗಿ ಆ ಮನೆಯವರ ಎದುರು ಕೂತು ಹೇಳಲಿ.

– ನಿವೃತ್ತ ಹವಾಲ್ದಾರ್, ಗೋಕಾಕ ತಾಲ್ಲೂಕು