ಸತ್ತವರ ಮೇಲೆ ಗೂಬೆ ಕೂರಿಸಿದ ಕಥೆ ಬರೆಯುವ ತಮ್ಮನಿಗೆ

ಪ್ರೀತಿಯ ತಮ್ಮನಿಗೆ,

ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ ದುರಂತದ ಬಗ್ಗೆ ನೀನು ಕಳಿಸಿದ ಕರಡು ಓದಿದೆ. ಕಷ್ಟಪಟ್ಟು ಬರೆದಿದ್ದೀಯ, ಅದು ಗೊತ್ತಾಗುತ್ತದೆ. ಆದರೆ ಮೊದಲ ಪುಟದ ತುಂಬಾ ಕಣ್ಣೀರು, ಕೊನೆಯ ಪುಟದ ತುಂಬಾ ಜಯಘೋಷ. ಮಧ್ಯದ 27 ವರ್ಷ ನಾಲ್ಕೇ ಪ್ಯಾರಾದಲ್ಲಿ ಓಡಿಹೋಗಿದೆ. ನಿನ್ನ ಲೇಖನ ಇರುವುದೇ ಆ ಮಧ್ಯದಲ್ಲಿ.

ಮೊದಲು ಆ ಜಾಗವನ್ನು ಓದುಗನ ಕಣ್ಣಿಗೆ ಕಾಣಿಸು. 1989ರ ಏಪ್ರಿಲ್ 15, ಶನಿವಾರ. ಇಂಗ್ಲೆಂಡಿನ ಶೆಫೀಲ್ಡ್ ಊರು. ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಡೆಸುವ ಕಪ್‌ನ ಸೆಮಿಫೈನಲ್, ಲಿವರ್‌ಪೂಲ್‌ಗೂ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ. ಲಿವರ್‌ಪೂಲ್ ಅಭಿಮಾನಿಗಳಿಗೆ ಕೊಟ್ಟಿದ್ದ ತುದಿ ಲೆಪ್ಪಿಂಗ್ಸ್ ಲೇನ್; ಅಲ್ಲಿ ನಿಂತು ನೋಡುವ ಟಿಕೆಟ್ ಇದ್ದವರು ಸುಮಾರು 10,100 ಮಂದಿ. ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗುಗೇಟು ಅವರಿಗಿದ್ದದ್ದು ಏಳೇ ಏಳು. ಆಟ ಮೂರು ಗಂಟೆಗೆ. ಎರಡೂವರೆ ಹೊತ್ತಿಗೆ ಹೊರಗೆ ಉಸಿರಾಡಲು ಆಗದಷ್ಟು ನೂಕುನುಗ್ಗಲು. 2:52ಕ್ಕೆ ಆ ಪಂದ್ಯದ ಪೊಲೀಸ್ ಉಸ್ತುವಾರಿ ಹೊತ್ತಿದ್ದ ಡೇವಿಡ್ ಡಕನ್‌ಫೀಲ್ಡ್ 'ಸಿ' ಗೇಟನ್ನು ಪೂರ್ತಿ ತೆಗೆಯಲು ಹೇಳಿದರು. ಸುಮಾರು ಎರಡು ಸಾವಿರ ಜನ ಒಳಗೆ ಬಂದರು.

ಇಲ್ಲಿ ನಿಧಾನ ಮಾಡು. ಗೇಟು ದಾಟಿದವರ ಎದುರಿಗೇ ಒಂದು ಸುರಂಗದ ದಾರಿ, ಇಳಿಜಾರು. ಅದು ಹೋಗಿ ಸೇರುವುದು ಗೋಲ್ ಪೋಸ್ಟ್ ಹಿಂದಿನ 3 ಮತ್ತು 4ನೇ ನಂಬರಿನ ಅಂಕಣಗಳಿಗೆ, ಅಂದರೆ ಜನ ನಿಂತು ನೋಡುವ ಆವರಣಗಳಿಗೆ. ಸುತ್ತ ಕಂಬಿ, ಮುಂದೆ ಎತ್ತರದ ಬೇಲಿ. ಎರಡೂ ಆಗಲೇ ತುಂಬಿದ್ದವು. ಪಕ್ಕದ ಅಂಕಣಗಳಲ್ಲಿ ಬೇಕಾದಷ್ಟು ಜಾಗ ಇತ್ತು. ಸುರಂಗದ ಬಾಯಿಗೆ ನಾಲ್ಕು ಜನ ನಿಂತು 'ಈ ಕಡೆ ಹೋಗಿ' ಅಂದಿದ್ದರೆ ಸಾಕಿತ್ತು. ಯಾರೂ ನಿಲ್ಲಲಿಲ್ಲ. ಪೊಲೀಸರ ಕಂಟ್ರೋಲ್ ರೂಮ್ ಇದ್ದದ್ದು ಅದೇ ಮೂಲೆಯಲ್ಲಿ, ಕಿಟಕಿಯಿಂದ ಆ ಅಂಕಣಗಳು ಕಾಣುತ್ತಿದ್ದವು. ನೀನು 'ಜನ ಓಡಿದರು, ತುಳಿದಾಡಿದರು' ಅಂತ ಬರೆದಿದ್ದೀಯ. ಹಾಗಲ್ಲ. ಬಹುತೇಕರು ನಿಂತಲ್ಲೇ, ಎದೆ ಒತ್ತಿಹೋಗಿ, ಉಸಿರು ಕಟ್ಟಿ ಸತ್ತರು. ಆವತ್ತೇ 94 ಮಂದಿ. ಅತಿ ಚಿಕ್ಕವನಿಗೆ ಹತ್ತು ವರ್ಷ. ಆಟ ನಿಂತದ್ದು 3:06ಕ್ಕೆ. ಜಾಹೀರಾತು ಬೋರ್ಡ್‌ಗಳನ್ನು ಕಿತ್ತು, ಅದರ ಮೇಲೆ ಮಲಗಿಸಿ, ಗಾಯಾಳುಗಳನ್ನು ಹೊತ್ತು ಓಡಿದವರು ಅಭಿಮಾನಿಗಳೇ. ಆಮೇಲೆ ತಪ್ಪು ಬಂದು ಕೂತದ್ದು ಅವರ ತಲೆ ಮೇಲೇ.

ನನ್ನನ್ನು ಕೇಳಿದರೆ ನಿನ್ನ ಲೇಖನ ಶುರುವಾಗಬೇಕಾದ್ದು ಕಂಟ್ರೋಲ್ ರೂಮಿನಲ್ಲಿ. ಏನಾಯಿತು ಅಂತ ಕೇಳಲು ಎಫ್‌ಎ ಮುಖ್ಯಸ್ಥರು ಅಲ್ಲಿಗೆ ಬಂದರು. ಅಭಿಮಾನಿಗಳೇ ಗೇಟು ಒಡೆದು ನುಗ್ಗಿದರು ಎಂದರು ಡಕನ್‌ಫೀಲ್ಡ್. ಗೇಟು ತೆಗೆಸಿದ್ದು ತಾವೇ. ಹೊರಗೆ ಹುಲ್ಲಿನ ಮೇಲೆ ಇನ್ನೂ ಜನ ಸಾಯುತ್ತಿದ್ದಾರೆ, ಒಳಗೆ ತಪ್ಪು ಆಗಲೇ ಕೈ ಬದಲಾಯಿಸಿದೆ. ಸ್ವಲ್ಪ ಹೊತ್ತಿಗೆ ಆ ಮಾತು ದೇಶಕ್ಕೆಲ್ಲ ಹೋಯಿತು. ಅದು ಸುಳ್ಳು ಎಂದು ಅವರು ಒಪ್ಪಿಕೊಂಡದ್ದು 2015ರಲ್ಲಿ, ಸಾಕ್ಷಿ ಕಟ್ಟೆಯಲ್ಲಿ.

ಆಮೇಲೆ ಆ ಸುಳ್ಳಿಗೆ ಪುರಾವೆ ಹುಡುಕುವ ಕೆಲಸ ಶುರುವಾಯಿತು. ಸತ್ತವರೆಲ್ಲರ ರಕ್ತ ತೆಗೆದು ಮದ್ಯ ಇದೆಯಾ ಎಂದು ಪರೀಕ್ಷೆ ಮಾಡಿದರು, ಮಕ್ಕಳದ್ದೂ ಸೇರಿ. ಯಾರ ರಕ್ತದಲ್ಲಿ ಇತ್ತೋ ಅವರ ಮೇಲೆ ಹಳೇ ಕೇಸು ಇದೆಯಾ ಅಂತ ಪೊಲೀಸ್ ಕಂಪ್ಯೂಟರಿನಲ್ಲಿ ತಡಕಾಡಿದರು. ನಾಲ್ಕು ದಿನಕ್ಕೆ 'ದಿ ಸನ್' ಪತ್ರಿಕೆ ಮುಖಪುಟದಲ್ಲಿ 'ಸತ್ಯ' ಅಂತ ದೊಡ್ಡಕ್ಷರದಲ್ಲಿ ಹಾಕಿ, ಅಭಿಮಾನಿಗಳು ಸತ್ತವರ ಜೇಬಿಗೆ ಕೈ ಹಾಕಿದರು ಎಂದು ಬರೆಯಿತು. ಡ್ಯೂಟಿಯಲ್ಲಿದ್ದ ಪೊಲೀಸರಿಗೆ ನೋಟ್‌ಬುಕ್ಕಿನಲ್ಲಿ ಏನೂ ಬರೆಯಬೇಡಿ, ಬಿಳಿ ಹಾಳೆಯಲ್ಲಿ ಬರೆದು ಕೊಡಿ ಎಂಬ ಸೂಚನೆ ಬಂತು. ಆ ಹಾಳೆಗಳು ಮೇಲಧಿಕಾರಿಗಳ, ವಕೀಲರ ಕೈ ದಾಟಿ ಬರುವಷ್ಟರಲ್ಲಿ 164 ಹೇಳಿಕೆಗಳು ತಿದ್ದಿಸಿಕೊಂಡಿದ್ದವು. ಅದರಲ್ಲಿ 116ರಿಂದ ಪೊಲೀಸ್ ವ್ಯವಸ್ಥೆಯನ್ನು ಟೀಕಿಸುವ ಮಾತುಗಳೇ ಮಾಯ.

ನೋಡು, ಇದು ಕಣ್ಣೀರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ನೀನು 'ಕ್ರೂರ', 'ಅಮಾನವೀಯ' ಅಂತ ಏನೂ ಸೇರಿಸಬೇಕಾಗಿಲ್ಲ. ಹಾಳೆ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು ಅಂತ ಬರೆದರೆ ಸಾಕು.

ಈಗ ನಿನ್ನ ದೊಡ್ಡ ತೊಡಕಿಗೆ ಬರುತ್ತೇನೆ. 'ಸತ್ಯ ಹೊರಬರಲು ಎರಡು ದಶಕ ಬೇಕಾಯಿತು' ಎಂದಿದ್ದೀಯ. ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ದುರಂತದ ವಿಚಾರಣೆಗೆ ಸರಕಾರ ನೇಮಿಸಿದ್ದ ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ ಬಂದದ್ದು ಅದೇ 1989ರ ಆಗಸ್ಟಿನಲ್ಲಿ, ನಾಲ್ಕೇ ತಿಂಗಳಿಗೆ. ದುರಂತಕ್ಕೆ ಮುಖ್ಯ ಕಾರಣ ಪೊಲೀಸರು ಹಿಡಿತ ಕಳೆದುಕೊಂಡದ್ದು, ಗೇಟು ತೆಗೆಸಿ ಸುರಂಗ ಮುಚ್ಚದೇ ಬಿಟ್ಟದ್ದು ಭಾರೀ ಪ್ರಮಾದ ಎಂದು ಅಚ್ಚಾಗಿಯೇ ಇತ್ತು. ಸತ್ಯ ಎಲ್ಲೂ ಕಳೆದುಹೋಗಿರಲಿಲ್ಲ. ಅದನ್ನು ನಂಬುವವರು ಸಾಲದೆ ಹೋದರು, ಅಷ್ಟೇ. ಯಾಕೆ? ಇದಕ್ಕೆ ನೀನು ಉತ್ತರ ಹುಡುಕಿದರೆ ನಿನ್ನ ಲೇಖನಕ್ಕೆ ಜೀವ ಬರುತ್ತದೆ.

ನನಗೆ ತೋಚುವ ಉತ್ತರ ಇದು. ಆ ಕಾಲದ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಭಿಮಾನಿ ಅಂದರೆ ಪುಂಡ ಅಂತಲೇ ಲೆಕ್ಕ. ಮೈದಾನಗಳಲ್ಲಿ ಹೊಡೆದಾಟ ನಡೆಯುತ್ತಿತ್ತು, ಬೇಲಿ ಹಾಕಿದ್ದೂ ಅದಕ್ಕೇ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಮೈದಾನದಲ್ಲಿ 39 ಜನ ಸತ್ತಿದ್ದರು. ಲಿವರ್‌ಪೂಲ್ ಅಭಿಮಾನಿಗಳು ನುಗ್ಗಿದ ಮೇಲೆ ಆದ ಅನಾಹುತ ಅದು. ನೀನು ಹೇಸೆಲ್ ಬಿಟ್ಟುಬಿಟ್ಟಿದ್ದೀಯ. ಬಹುಶಃ ಕುಟುಂಬಗಳಿಗೆ ನೋವಾಗಬಾರದು ಅಂತ ಇರಬೇಕು. ಬಿಡಬೇಡ. ಸುಳ್ಳು ಅಷ್ಟು ಬೇಗ ಬೇರು ಬಿಟ್ಟದ್ದು ಯಾಕೆ ಅನ್ನುವುದಕ್ಕೆ ಅದೇ ಉತ್ತರದ ಒಂದು ಭಾಗ. ಕುಡಿದವರು, ಪುಂಡರು, ತಾವೇ ಮಾಡಿಕೊಂಡರು ಅನ್ನುವುದನ್ನು ನಂಬಲು ದೇಶ ಮೊದಲೇ ತಯಾರಾಗಿ ಕೂತಿತ್ತು.

ಜೊತೆಗೆ ಕಾನೂನಿನ ಕಾಗದವೂ ಸುಳ್ಳಿನ ಕಡೆಗೇ ವಾಲಿತು. 1991ರಲ್ಲಿ ಸಾವಿನ ವಿಚಾರಣೆ ಮುಗಿದಾಗ ಬಂದ ತೀರ್ಪು 'ಆಕಸ್ಮಿಕ ಸಾವು'. ಅಷ್ಟೇ ಅಲ್ಲ, 3:15ರ ನಂತರ ಏನಾಯಿತು ಅನ್ನುವುದನ್ನು ಕೇಳುವುದೇ ಇಲ್ಲ ಎಂದು ಆ ವಿಚಾರಣೆ ನಡೆಸಿದ ಅಧಿಕಾರಿ, ಕರೋನರ್, ಗೆರೆ ಎಳೆದಿದ್ದರು, ಆ ಹೊತ್ತಿಗೆ ಯಾರೂ ಉಳಿಯುವ ಸ್ಥಿತಿಯಲ್ಲಿ ಇರಲಿಲ್ಲ ಅಂತ. ಮಗನನ್ನು ಕಳೆದುಕೊಂಡ ತಾಯಿ ಕೇಳುವುದು ಅದನ್ನೇ ಅಲ್ವಾ, ಕೊನೆಗೆ ಎಷ್ಟು ಹೊತ್ತಿನವರೆಗೆ ಉಸಿರಿತ್ತು, ಹತ್ತಿರ ಯಾರಿದ್ದರು ಅಂತ? ಆ ಪ್ರಶ್ನೆಗೇ ಬಾಗಿಲು ಮುಚ್ಚಿದರು. 2012ರಲ್ಲಿ ಲಿವರ್‌ಪೂಲ್ ಬಿಷಪ್ ಜೇಮ್ಸ್ ಜೋನ್ಸ್ ಅವರ ಸಮಿತಿ ನಾಲ್ಕೂವರೆ ಲಕ್ಷ ಪುಟ ದಾಖಲೆ ಜಾಲಾಡಿ, 41 ಮಂದಿ ಬದುಕಬಹುದಾಗಿತ್ತು ಎಂದಿತು. ಆ ಸಮಿತಿ ಹುಟ್ಟಿದ್ದಕ್ಕೆ ದೊಡ್ಡ ಕಾರಣ 2009ರ 20ನೇ ವರ್ಷದ ಸಭೆ. ಲಿವರ್‌ಪೂಲ್ ತಂಡದ ಮೈದಾನ ಆನ್‌ಫೀಲ್ಡ್‌ನಲ್ಲಿ ಮಂತ್ರಿ ಆಂಡಿ ಬರ್ನಮ್ ಮಾತಾಡಲು ನಿಂತಾಗ ಇಡೀ ಮೈದಾನ 'ನ್ಯಾಯ' ಎಂದು ಕೂಗಿ ಅವರ ಬಾಯಿ ಕಟ್ಟಿಸಿತು. ಇದನ್ನು ನೀನು ಚೆನ್ನಾಗಿ ಬರೆದಿದ್ದೀಯ, ಮುಟ್ಟಬೇಡ.

ತಪ್ಪು ಯಾರದು ಅಂತ ಬರೆಯುವಾಗ ಡಕನ್‌ಫೀಲ್ಡ್ ಒಬ್ಬರ ಮೇಲೇ ಪೂರ್ತಿ ಭಾರ ಹಾಕುವ ಆಸೆ ಬರುತ್ತದೆ. ಅವರು ಆ ಹುದ್ದೆಗೆ ಬಂದು ಮೂರು ವಾರವೂ ಆಗಿರಲಿಲ್ಲ. ಅಂಥ ಪಂದ್ಯಕ್ಕೆ ಅವರನ್ನು ಹಾಕಿದವರು ಯಾರು? ಮೈದಾನದ ಸುರಕ್ಷತಾ ಪ್ರಮಾಣಪತ್ರ 1979ರದ್ದು, ಆಮೇಲೆ ಒಳಗಿನ ರೂಪ ಬದಲಾದರೂ ಪತ್ರ ಬದಲಾಗಿರಲಿಲ್ಲ. 1981ರ ಸೆಮಿಫೈನಲ್‌ನಲ್ಲಿ ಅದೇ ಲೆಪ್ಪಿಂಗ್ಸ್ ಲೇನ್ ಕಡೆ ಜನ ನಲುಗಿ ಗಾಯಗೊಂಡಿದ್ದರು. ಇದೆಲ್ಲ ಬರಲಿ. ಆದರೆ ಇದನ್ನೆಲ್ಲ 'ವ್ಯವಸ್ಥೆ' ಎಂಬ ಒಂದೇ ಮೂಟೆಗೆ ತುಂಬಿ ಕಟ್ಟಬೇಡ. ಮೈದಾನದ ಒಡೆಯ ಕ್ಲಬ್ಬು, ನಗರಸಭೆ, ಎಫ್‌ಎ, ಪೊಲೀಸ್ ಅಂತ ಬೇರೆ ಬೇರೆ ಹೆಸರಿಡು. ಯಾರು ಯಾವ ವರ್ಷ ಏನು ಮಾಡಲಿಲ್ಲ ಎಂದು ಹೇಳು.

ಇನ್ನು ನಿನ್ನ ಕೊನೆಯ ಪುಟ. 2016ರ ಏಪ್ರಿಲ್ 26ರಂದು ವಾರಿಂಗ್ಟನ್‌ನಲ್ಲಿ ಹೊಸ ವಿಚಾರಣೆಯ ಜ್ಯೂರಿ, 7-2 ಬಹುಮತದಲ್ಲಿ, ಆ ಹೊತ್ತಿಗೆ ಸತ್ತವರ ಲೆಕ್ಕದಲ್ಲಿದ್ದ 96 ಮಂದಿಯೂ ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು ಎಂದಿತು. ಅಭಿಮಾನಿಗಳ ನಡವಳಿಕೆ ಕಾರಣವಲ್ಲ ಎಂದೂ ಹೇಳಿತು. ನೀನು ಅಲ್ಲಿಗೆ ಪೆನ್ನು ಕೆಳಗಿಟ್ಟಿದ್ದೀಯ. ಓದುಗನಿಗೆ ಸಮಾಧಾನ ಆಗುತ್ತದೆ, ನಿಜ. ಆದರೆ ಕಥೆ ಮುಂದೆ ಹೋಯಿತು. ಡಕನ್‌ಫೀಲ್ಡ್ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪ ಹೊರಿಸಿದರು, 95 ಮಂದಿಯ ಸಾವಿಗೆ. 96ನೆಯವರು ವರ್ಷಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿ 1993ರಲ್ಲಿ ತೀರಿಕೊಂಡವರು. ಗಾಯವಾಗಿ ಒಂದು ವರ್ಷ ಒಂದು ದಿನದೊಳಗೆ ಸಾಯಬೇಕು ಎಂಬ ಅಂದಿನ ನಿಯಮದಿಂದ ಅವರು ಲೆಕ್ಕಕ್ಕೇ ಬರಲಿಲ್ಲ. 2019ರ ನವೆಂಬರಿನಲ್ಲಿ ಪ್ರೆಸ್ಟನ್ ಜ್ಯೂರಿ ಡಕನ್‌ಫೀಲ್ಡ್ ನಿರ್ದೋಷಿ ಎಂದಿತು. ಅದಕ್ಕೂ ಮೊದಲು ಕ್ಲಬ್ಬಿನ ಅಂದಿನ ಕಾರ್ಯದರ್ಶಿಗೆ ಸುರಕ್ಷತಾ ಲೋಪಕ್ಕಾಗಿ 6,500 ಪೌಂಡ್ ದಂಡ ಬಿದ್ದಿತ್ತು. 2021ರಲ್ಲಿ, ಹೇಳಿಕೆ ತಿದ್ದಿಸಿದ ಆರೋಪ ಹೊತ್ತ ಇಬ್ಬರು ನಿವೃತ್ತ ಪೊಲೀಸ್ ಅಧಿಕಾರಿಗಳ ಮತ್ತು ಒಬ್ಬ ವಕೀಲರ ಕೇಸು ಸ್ಯಾಲ್ಫರ್ಡ್‌ನಲ್ಲಿ ಅರ್ಧಕ್ಕೇ ಬಿದ್ದುಹೋಯಿತು. ತಿದ್ದಿದ ಹೇಳಿಕೆ ಹೋದದ್ದು ಟೇಲರ್ ವಿಚಾರಣೆಗೆ, ಅದು ಕೋರ್ಟು ಅಲ್ಲ, ಹಾಗಾಗಿ ನ್ಯಾಯದ ದಾರಿ ತಪ್ಪಿಸಿದ ಅಪರಾಧ ಆಗುವುದಿಲ್ಲ ಎಂದರು ನ್ಯಾಯಾಧೀಶರು. ಅದೇ ವರ್ಷ, ಅಂದಿನ ಗಾಯದಿಂದಲೇ ನರಳುತ್ತಿದ್ದ 97ನೆಯವರು ತೀರಿಕೊಂಡರು.

ಒಂದು ಜ್ಯೂರಿ ಕಾನೂನುಬಾಹಿರ ಕೊಲೆ ಅನ್ನುತ್ತದೆ, ಇನ್ನೊಂದು ಆ ಮನುಷ್ಯ ನಿರ್ದೋಷಿ ಅನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಡು. ಡಕನ್‌ಫೀಲ್ಡ್ ಖುಲಾಸೆ ಆದರು ಅನ್ನುವುದನ್ನು ಗೊಣಗದೆ, ಅಡಿಟಿಪ್ಪಣಿಗೆ ತಳ್ಳದೆ ಬರೆ. ಅವರು ಹೇಳಿದ ಸುಳ್ಳನ್ನೂ ಅಷ್ಟೇ ನೇರವಾಗಿ ಬರೆ. ಇವೆರಡನ್ನೂ ಹೊಂದಿಸಿ ಓದುಗನಿಗೆ ನೆಮ್ಮದಿ ಕೊಡುವುದು ನಿನ್ನ ಕೆಲಸ ಅಲ್ಲ. ಇಷ್ಟು ಸೇರಿಸಬಹುದು: 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸಂಸತ್ತಿಗೆ ಒಂದು ಮಸೂದೆ ಬಂತು, ಜನ ಕರೆಯುವುದು ಹಿಲ್ಸ್‌ಬರೋ ಕಾನೂನು ಅಂತ. ವಿಚಾರಣೆಯ ಮುಂದೆ ಅಧಿಕಾರಿಗಳು ನಿಜ ಹೇಳಲೇಬೇಕು ಅನ್ನುವುದು ಅದರ ತಿರುಳು. ಕೋರ್ಟಿಗೆ ಕಾಯದ ನ್ಯಾಯವೂ ಒಂದಿದೆ: ಲಿವರ್‌ಪೂಲ್ ಸೀಮೆಯ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ 'ದಿ ಸನ್' ಇಡುವುದಿಲ್ಲ. ನನಗೆ ಈ ವಿವರ ತುಂಬಾ ಇಷ್ಟ.

ಕೊನೆಯಲ್ಲಿ ನೀನು ಚಿನ್ನಸ್ವಾಮಿ ಕ್ರೀಡಾಂಗಣವನ್ನು ತಂದು ಅಂಟಿಸಿದ್ದೀಯ. 2025ರ ಜೂನ್ 4, ಆರ್‌ಸಿಬಿ ಸಂಭ್ರಮ, 11 ಸಾವು. ನಿನಗೆ ಅದು ಸುಡುತ್ತಿದೆ, ಈ ಲೇಖನಕ್ಕೆ ಕೈ ಹಾಕಿದ್ದೂ ಅದಕ್ಕೇ ಅಂತ ಬಲ್ಲೆ. ಆದರೆ 'ಅಲ್ಲೂ ಹೀಗೇ, ಇಲ್ಲೂ ಹೀಗೇ' ಅನ್ನುವ ಸಾಲು ತೆಗೆ. ಅಲ್ಲಿ ಜನ ಸತ್ತದ್ದು ಬೇಲಿಯ ಒಳಗೆ, ಇಲ್ಲಿ ಗೇಟಿನ ಹೊರಗೆ. ಇಲ್ಲಿ ಪೊಲೀಸ್ ಕಮಿಷನರ್ ಅಮಾನತಾದದ್ದು ಮರುದಿನವೇ, ಅಲ್ಲಿ ಅಷ್ಟು ಬೇಗ ಏನೂ ಆಗಲಿಲ್ಲ. ಬೇಗ ಅಮಾನತು ಮಾಡುವುದೂ ಕೆಲವೊಮ್ಮೆ ತಪ್ಪನ್ನು ಬೇಗ ದಾಟಿಸುವ ದಾರಿಯೇ ಆಗಬಹುದು. ಇಲ್ಲಿ ಏನಾಯಿತು ಅನ್ನುವುದನ್ನು ಈಗಲೇ ಹೇಳಲು ನಮ್ಮಲ್ಲಿ ಯಾರಿಂದಲೂ ಆಗುವುದಿಲ್ಲ.

ಬೆಂಗಳೂರಿನದ್ದು ಬೇರೆಯೇ ಲೇಖನ, ಅದಕ್ಕೆ ಈಗ ಮಾಡಬೇಕಾದ ಕೆಲಸ ಬೇರೆ. ಮೊದಲ ದಿನ, ಎರಡನೇ ದಿನ ಯಾರು ಏನು ಹೇಳಿದರು ಅಂತ ಕೂಡಿಟ್ಟುಕೋ. ಇಷ್ಟು ಜನ ಬರುತ್ತಾರೆ ಅಂದುಕೊಂಡಿರಲಿಲ್ಲ ಎಂದವರ ಮಾತು, ಸಂಘಟಕರತ್ತ ಬೆರಳು ತೋರಿಸಿದವರ ಮಾತು, ಪತ್ರಿಕಾ ಪ್ರಕಟಣೆ, ಹೈಕೋರ್ಟಿಗೆ ಕೊಟ್ಟ ಉತ್ತರ, ಎಲ್ಲ ತಾರೀಖು ಹಾಕಿ ಇಡು. ಪೋಸ್ಟ್‌ಗಳು ಅಳಿಸಿಹೋಗುತ್ತವೆ, ಸ್ಕ್ರೀನ್‌ಶಾಟ್ ತೆಗೆದುಕೋ. ಕಾಗದ ಬೇಕಾದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕು. ಉತ್ತರ ಕೊಡದೆ ಸತಾಯಿಸಿದರೆ ಮೇಲ್ಮನವಿ ಹಾಕು, ಸುಮ್ನೆ ಬಿಡಬೇಡ. ತೀರಿಕೊಂಡವರ ಮನೆಗೆ ಹೋಗುವುದಾದರೆ ಕ್ಯಾಮೆರಾ ಇಲ್ಲದೆ ಹೋಗು.

ಹಿಲ್ಸ್‌ಬರೋ ಲೇಖನದ ಮುಂದಿನ ಕರಡು ಯುಗಾದಿ ಒಳಗೆ ಕಳಿಸು. ಟೇಲರ್ ವರದಿಯನ್ನು ಬೇರೆಯವರ ಸಾರಾಂಶದಲ್ಲಿ ಅಲ್ಲ, ನೀನೇ ಓದಿಕೊಂಡು ಬರೆ.

ನಿನ್ನ,
ಅಕ್ಕ