ಹೋಗುವ ದೇಶದ ರಜೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ದಸರಾ ರಜೆಯಲ್ಲಿ ಮಕ್ಕಳನ್ನು ನೋಡಲು ವಿದೇಶಕ್ಕೆ ಹೊರಡುವ ಹಿರಿಯರು ನಮ್ಮ ರಾಯಚೂರಿನಲ್ಲೂ ಇದ್ದಾರೆ. ಅವರಿಗಾಗಿ ಈ ಪತ್ರ.

2025ರಲ್ಲಿ ನಾನೂ ಯಜಮಾನರೂ ಬರ್ಲಿನ್‌ನಲ್ಲಿ ಇಳಿದದ್ದು ಅಕ್ಟೋಬರ್ 2ರ ರಾತ್ರಿ, ವಿಜಯದಶಮಿಯಂದು. ಮರುದಿನ ಜರ್ಮನಿಗೆಲ್ಲ ರಜೆ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ದಿನವದು. ನಮ್ಮಲ್ಲಿ ಆಗಸ್ಟ್ 15ರಂದೂ ಕಿರಾಣಿ ಅಂಗಡಿ ತೆರೆದಿರುತ್ತದೆ. ಅಲ್ಲಿ ಕಾನೂನಿನ ಪ್ರಕಾರವೇ ಬಾಗಿಲು ಹಾಕುತ್ತಾರೆ. ಮಗಳು ಆ ಊರಿಗೆ ಹೋಗಿ ತಿಂಗಳಷ್ಟೇ ಆಗಿತ್ತು, ಅವಳಿಗೂ ತಿಳಿದಿರಲಿಲ್ಲ.

ಬೆಳಿಗ್ಗೆ ಯಜಮಾನರಿಗೆ ಮೈ ಸುಡುವ ಜ್ವರ. ಅಲ್ಲಿ ಜ್ವರದ ಮಾತ್ರೆ ಔಷಧ ಅಂಗಡಿಯಲ್ಲಲ್ಲದೆ ಬೇರೆಡೆ ಸಿಗುವುದಿಲ್ಲ. ಮುಚ್ಚಿದ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ಅಂದು ಸರದಿಯ ಮೇಲೆ ತೆರೆದಿದ್ದ ಅಂಗಡಿಗಳ ವಿಳಾಸವಿತ್ತು. ಮಗಳು ಮೊಬೈಲ್‌ನಲ್ಲಿ ಅನುವಾದಿಸಿಕೊಂಡು ಓದಿದಳು. ಅಲ್ಲಿಗೆ ಹೋಗಿ ಗಂಟೆ ಒತ್ತಿದಾಗ ಬಾಗಿಲಿನ ಸಣ್ಣ ಕಿಂಡಿಯಿಂದ ಮಾತ್ರೆ ಬಂತು. ರಜಾ ದಿನದ ಸೇವೆಗೆ ಎರಡೂವರೆ ಯೂರೊ ಹೆಚ್ಚು. ಆ ಹೆಣ್ಣುಮಗಳಿಗೆ ಕೈಮುಗಿದು ಬಂದೆ. ಹಾಲು, ಬ್ರೆಡ್ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯಲ್ಲಿ ಸಿಕ್ಕವು.

ದುಡಿಯುವವರಿಗೆ ವಿಶ್ರಾಂತಿ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು ಒಂದು ಮಾತು ಹೇಳಬೇಕಿತ್ತು. ಅಕ್ಟೋಬರ್ 2ರ ಗಾಂಧಿ ಜಯಂತಿಗೆ ವಿದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳಿಗೂ ರಜೆ ಎಂಬುದು ನೆನಪಿರಲಿ. ಪಾಸ್‌ಪೋರ್ಟ್ ಕಳೆದುಕೊಂಡವರ ಪಾಡೇನು?

ದಸರೆಗೆ ತಿಂಗಳ ಮೊದಲು, ನಮ್ಮವರು ಹೆಚ್ಚಾಗಿ ಹೋಗುವ ದೇಶಗಳ ರಜಾ ಪಟ್ಟಿಯನ್ನು ದಯವಿಟ್ಟು ಪ್ರಕಟಿಸಿ.

– ನಿವೃತ್ತ ಶಿಕ್ಷಕಿ, ರಾಯಚೂರು