ಯಾವ ಹೊಸಹಳ್ಳಿ?

ಮಾನ್ಯರೇ,

‘ಜೀವ ಹೋಗುತ್ತಿರುವಾಗ ಊರು ಯಾವುದು, ಹೋಬಳಿ ಯಾವುದು ಅಂತ ಕೇಳುತ್ತಾ ಕೂರುತ್ತಾರೆ’ ಎಂಬುದು ತುರ್ತು ಸಹಾಯವಾಣಿ 112ರ ಬಗ್ಗೆ ಆಗಾಗ ಕೇಳಿಬರುವ ದೂರು. ಸಿಟ್ಟು ಸಹಜವೇ. ಆದರೆ ಲೈನು ನಡುವೆಯೇ ಕಡಿದುಹೋದರೂ ಗಾಡಿ ಕಳಿಸಲು ಸಾಲುವ ಮಾಹಿತಿ ಅದೊಂದೇ. ಕರೆ ತೆಗೆದುಕೊಳ್ಳುವವರು ಬೇರೆ, ಗಾಡಿ ಕಳಿಸುವವರು ಬೇರೆ. ಸ್ಥಳ ದಾಖಲಾಯಿತೆಂದರೆ ಅತ್ತ ಹತ್ತಿರದ ವಾಹನಕ್ಕೆ ಹೇಳಿ, ಇತ್ತ ಮಾತು ಮುಂದುವರಿಸಬಹುದು. ಪ್ರಶ್ನೆ ಮುಗಿದಿಲ್ಲವೆಂದ ಮಾತ್ರಕ್ಕೆ ಗಾಡಿ ಹೊರಟಿಲ್ಲವೆಂದಲ್ಲ.

‘ಮೊಬೈಲಿಂದಲೇ ಜಾಗ ಗೊತ್ತಾಗುವುದಿಲ್ಲವೇ?’ ಎನ್ನುತ್ತಾರೆ. ಮಾಮೂಲಿ ಕರೆಯಲ್ಲಿ ಟವರ್ ಆಧಾರದ ಅಂದಾಜು ಸಿಗಬಹುದು, ಅಷ್ಟೆ. ಪೇಟೆಯಲ್ಲಿ ಟವರ್‌ಗಳು ಒತ್ತೊತ್ತಾಗಿರುವುದರಿಂದ ಅದು ಸ್ವಲ್ಪ ಹತ್ತಿರಕ್ಕೆ ಬರುತ್ತದೆ. ಹಳ್ಳಿ ಕಡೆ ಒಂದೇ ಟವರ್ ಕೆಳಗೆ ನಾಲ್ಕಾರು ಊರು, ತೋಟ, ಕೆರೆ ಎಲ್ಲ ಇರುತ್ತವೆ. ಗಡಿಯಲ್ಲಂತೂ ಪಕ್ಕದ ರಾಜ್ಯದ ಟವರ್ ಹಿಡಿದು ಕರೆ ಅಲ್ಲಿನ ಕೇಂದ್ರಕ್ಕೆ ಬೀಳುವುದೂ ಉಂಟು. 112 ಇಂಡಿಯಾ ಆ್ಯಪ್ ಇದ್ದು, ಲೊಕೇಶನ್ ಆನ್ ಆಗಿದ್ದರೆ ಮಾತು ಬೇರೆ.

ಹೊಸಹಳ್ಳಿ, ರಾಂಪುರ, ಬಸಾಪುರ ಇಲ್ಲದ ತಾಲ್ಲೂಕು ಹುಡುಕುವುದೇ ಕಷ್ಟ. ಆದ್ದರಿಂದ ಊರಿನ ಜೊತೆಗೆ ತಾಲ್ಲೂಕು, ಹೋಬಳಿ, ಆಮೇಲೆ ಶಾಲೆ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯಂಥ ಒಂದು ಗುರುತು ಹೇಳಬೇಕು. ಬೆಂಗಳೂರಿನಲ್ಲಿ ‘4ನೇ ಕ್ರಾಸ್’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಮೇನ್, ಯಾವ ಬ್ಲಾಕ್ ಎಂಬುದೂ ಬೇಕು. ಮೆಟ್ರೊ ಕೆಳಗಾದರೆ ರಸ್ತೆಯ ಹೆಸರಿನ ಜೊತೆ ಪಿಲ್ಲರ್ ನಂಬರ್ ಹೇಳಿ. ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲು ನೋಡಿ. ನಡುವೆ 200 ಮೀಟರ್‌ಗೊಂದು ಚಿಕ್ಕ ಕಲ್ಲೂ ಇರುತ್ತದೆ. ಯಾವ ಬದಿ ಎಂಬುದನ್ನು ಮರೆಯಬಾರದು. ತುಮಕೂರಿನಿಂದ ಶಿರಾ ಕಡೆ ಹೋಗುವ ಬದಿಯಲ್ಲಿ ಅಪಘಾತವಾಗಿ, ಗಾಡಿ ಎದುರು ಬದಿಗೆ ಬಂದರೆ ಡಿವೈಡರ್ ಆಚೆ ಜನ ಕೈಬೀಸುತ್ತಿರುವುದು ಕಾಣುತ್ತದೆ, ಆದರೆ ಮುಂದಿನ ತಿರುವಿನವರೆಗೂ ಹೋಗಿ ಬರಬೇಕು.

ಇನ್ನೊಂದು ಎಡವಟ್ಟು ಕರೆ ಮುಗಿದ ಮೇಲಿನದು. ಗಾಡಿಯವರು ದಾರಿಯಲ್ಲಿ ಫೋನ್ ಮಾಡುತ್ತಾರೆ. ಗೊತ್ತಿಲ್ಲದ ನಂಬರ್ ಎಂದು ಯಾರೂ ಎತ್ತುವುದಿಲ್ಲ, ಇಲ್ಲವೇ ಆ ಹೊತ್ತಿಗೆ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುತ್ತಾ ಲೈನ್ ಬ್ಯುಸಿ. ಕರೆ ಮಾಡಿದ ಫೋನನ್ನು ಖಾಲಿ ಬಿಟ್ಟು, ಒಬ್ಬರು ಮುಖ್ಯರಸ್ತೆಗೆ ಬಂದು ನಿಲ್ಲಬೇಕು, ರಾತ್ರಿಯಾದರೆ ಟಾರ್ಚ್ ಹಿಡಿದು. ಜೇಬಿನಲ್ಲಿ ಬಟನ್ ಒತ್ತಿಹೋಗಿ ಕರೆ ಹೋಗಿದ್ದರೆ ಗಾಬರಿಯಿಂದ ಕಟ್ ಮಾಡದೆ ‘ತಪ್ಪಿ ಬಂತು’ ಎಂದರೆ ಸಾಕು. ಸುಮ್ಮನೆ ಇಟ್ಟುಬಿಟ್ಟರೆ ನಿಜಕ್ಕೂ ತೊಂದರೆಯೇನೋ ಎಂದು ಮತ್ತೆ ಫೋನ್ ಮಾಡಿ ವಿಚಾರಿಸಬೇಕಾಗುತ್ತದೆ.

ಜನರಿಗಷ್ಟೇ ಹೇಳಿದರೆ ಸಾಲದು. ಊರ ಬಾಗಿಲಲ್ಲಿ ಸ್ವಾಗತ ಕೋರುವ ಕಮಾನುಗಳಲ್ಲಿ ಮುಖಂಡರ ಭಾವಚಿತ್ರಗಳಿಗೆ ಇರುವಷ್ಟು ಜಾಗ ಊರಿನ ಹೆಸರಿಗಿಲ್ಲ. ಪರಸ್ಥಳದವರು ಅಪಘಾತ ಕಂಡರೆ ಏನೆಂದು ಹೇಳಬೇಕು? ಗ್ರಾಮ ಪಂಚಾಯಿತಿಗಳು ಬಸ್ ತಂಗುದಾಣದ ಗೋಡೆಯ ಮೇಲೆ ಊರು, ಹೋಬಳಿ, ತಾಲ್ಲೂಕು, ಕೆಳಗೆ 112 ಎಂದು ದೊಡ್ಡಕ್ಷರದಲ್ಲಿ ಬರೆಸಲಿ. ನಗರಗಳಲ್ಲಿ ಅಡ್ಡರಸ್ತೆಯ ಫಲಕಗಳ ಮೇಲಿನ ಟ್ಯೂಷನ್, ಪಿ.ಜಿ. ಜಾಹೀರಾತುಗಳನ್ನು ಪಾಲಿಕೆಯವರು ಕಿತ್ತುಹಾಕಿಸಲಿ. ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ, ಒಂದು ಡಬ್ಬಿ ಪೇಂಟ್ ಸಾಕು.

– ಕಂಟ್ರೋಲ್ ರೂಮಿನ ಕೆಲಸ ಬಲ್ಲ ಓದುಗ, ತುಮಕೂರು